ಆ ಮಾಣಿ ಎಲೆ ಎಳೆದದ್ದು ಯಾಕೆ?

ನಿನ್ನೆ ಶಿರಸಿಯಲ್ಲಿ ಮದುವೆಯೊಂದರ ಮೊದಲ ಪಂಕ್ತಿಗೆ ಕುಳಿತಿದ್ದಾಗ, ಎದುರು ಸಾಲಿನ ಐದಾರು ವರ್ಷದ ಮಾಣಿಯೊಬ್ಬ ಬಡಿಸಿದ ಬಾಳೆಲೆಯನ್ನು ಎಳೆದು ನೆಲಕ್ಕೆ ಚೆಲ್ಲಿ, ಎರಡೂ ಕಿವಿ ಮುಚ್ಚಿಕೊಂಡು ಕಿರುಚತೊಡಗಿದ. ನಾಲ್ಕು ಮಾರು ದೂರದಲ್ಲಿ ವಾಲಗದವರ ಧ್ವನಿವರ್ಧಕವಿತ್ತು. ತಾಯಿ ಕಣ್ಣು ತುಂಬಿಕೊಂಡು ಅವನನ್ನು ಹೊರಗೆ ಎತ್ತಿಕೊಂಡು ಹೋಗುವಾಗ ಹಿರಿಯರೊಬ್ಬರು, "ತಂಗಿ, ಮಾಣಿಗೆ ಎರಡು ಬಾರಿಸು, ಎಲ್ಲ ಸರಿ ಆಗ್ತು" ಎಂದರು. ಸಾಲಿನಲ್ಲಿದ್ದವರು ತಲೆಯಾಡಿಸಿದರು. ನನಗೆ ಊಟ ಸೇರಲಿಲ್ಲ.

ನನ್ನ ಮಗನಿಗೆ ಆಟಿಸಂ ಇರುವುದು ನಿಮ್ಮಲ್ಲಿ ಬಹುತೇಕರಿಗೆ ಗೊತ್ತು. ಗೊತ್ತಿಲ್ಲದ ಸಂಗತಿಯೊಂದನ್ನು ಇಂದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಅವನು ನೆಲಕ್ಕೆ ಬಿದ್ದು ಹೊರಳಾಡಿದಾಗ, ಸುತ್ತ ನಿಂತವರ ನೋಟ ತಾಳಲಾರದೆ ನಾನೂ ಅವನಿಗೆ ಹೊಡೆದಿದ್ದೆ. ಅವನು ಆ ಕ್ಷಣ ಸುಮ್ಮನಾದ. ಅದಾದ ಮೇಲೆ ಮನೆಯಲ್ಲಿ ಜೋರು ಸದ್ದು ಕೇಳಿದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಆ ಪೆಟ್ಟು ನನ್ನದು.

ಹಾಗಾಗಿ ನನ್ನ ತಕರಾರು ಒಂದೇ. ಮಗು ಕಿರುಚಿದ ಕೂಡಲೇ ನಾವು ಅದಕ್ಕೆ ಹಠ ಎಂದು ಹೆಸರಿಡುತ್ತೇವೆ, ಯಾಕೆ ಕಿರುಚಿತು ಎಂದು ಕೇಳುವುದಿಲ್ಲ. ವರ್ತನೆಯ ಕಾರಣ ಹುಡುಕಿ ಅದರ ಬದಲಿಗೆ ಬೇರೆ ವರ್ತನೆ ಕಲಿಸುವ ಪದ್ಧತಿಯಾದ ಅನ್ವಯಿಕ ವರ್ತನಾ ವಿಶ್ಲೇಷಣೆ, ಅಂದರೆ ಎಬಿಎ, ಶುರುವಾಗುವುದೇ ಈ ಪ್ರಶ್ನೆಯಿಂದ. ಚಿಕಿತ್ಸಕಿ ನನಗೆ ಮೊದಲು ಕೊಟ್ಟ ಕೆಲಸ ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ಎಳೆಯುವುದು: ವರ್ತನೆಗೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಎರಡು ವಾರ ಬರೆದ ಮೇಲೆ, ನಾನು ಹಠವೆಂದುಕೊಂಡಿದ್ದರಲ್ಲಿ ಹೆಚ್ಚಿನದರ ಹಿಂದೆ ಮಿಕ್ಸರ್, ಕುಕ್ಕರಿನ ಸೀಟಿ ಅಥವಾ ಒಮ್ಮೆಲೇ ಮನೆ ತುಂಬಿದ ನೆಂಟರು ಇದ್ದದ್ದು ಕಂಡಿತು.

ಬೇರೆ ಬೇರೆ ಮಕ್ಕಳ ಒಂದೇ ತೆರನ ಕಿರುಚಾಟಕ್ಕೆ ಬೇರೆ ಬೇರೆ ಕಾರಣಗಳಿರಬಹುದು. ಒಬ್ಬನಿಗೆ ಅಮ್ಮನ ಗಮನ ಬೇಕು, ಇನ್ನೊಬ್ಬನಿಗೆ ಮೊಬೈಲ್ ಬೇಕು, ಮತ್ತೊಬ್ಬನಿಗೆ ಅಲ್ಲಿಂದ ಪಾರಾಗಬೇಕು; ಕೆಲವೊಮ್ಮೆ ಆ ಕ್ರಿಯೆಯಿಂದ ದೇಹಕ್ಕೆ ಸಿಗುವ ಹಿತವೇ ಸಾಕು. ನಿನ್ನೆಯ ಮಾಣಿ ಎಲೆ ಎಳೆದ, ಸದ್ದಿನಿಂದ ಹೊರಗೆ ಹೋದ. ಅಸಹನೀಯವಾದದ್ದು ತಪ್ಪಿತಾದ್ದರಿಂದ ಮುಂದಿನ ಸಲವೂ ಅವನು ಎಲೆಯನ್ನೇ ಎಳೆಯುತ್ತಾನೆ. ವರ್ತನೆಯ ಫಲದಿಂದಲೇ ಆ ವರ್ತನೆ ಹೆಚ್ಚುವುದು ಪುನರ್ಬಲನ; ಹೀಗೆ ಬೇಡವಾದದ್ದು ತಪ್ಪಿ ಹೆಚ್ಚಿದರೆ ಅದನ್ನು ಋಣಾತ್ಮಕ ಪುನರ್ಬಲನ ಎನ್ನುತ್ತಾರೆ. ಹೆಸರು ಕೇಳಿ ಬಹಳ ಜನ ಇದನ್ನೇ ಶಿಕ್ಷೆ ಎಂದು ತಿಳಿಯುತ್ತಾರೆ, ಆದರೆ ಶಿಕ್ಷೆ ವರ್ತನೆಯನ್ನು ಕುಗ್ಗಿಸುತ್ತದೆ, ಇದು ಹೆಚ್ಚಿಸುತ್ತದೆ. ಹಾಗೆಂದು ಅವನನ್ನು ಆ ಸದ್ದಿನಲ್ಲೇ ಕೂರಿಸಬೇಕಿರಲಿಲ್ಲ. ಹೊರಗೆ ಹೋಗಬೇಕು ಎಂದು ಹೇಳಲು ಅವನಿಗೆ ಎಲೆ ಎಳೆಯುವುದಕ್ಕಿಂತ ಸುಲಭದ ದಾರಿ ಕಲಿಸಬೇಕು. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ತೋರಿಸಿದ್ದು ಇದನ್ನೇ: ಕಿರುಚಾಟದಿಂದ ಸಿಗುತ್ತಿದ್ದುದು ಒಂದು ಮಾತಿನಿಂದ ಸಿಗುವಂತಾದರೆ ಕಿರುಚಾಟ ಇಳಿಯುತ್ತದೆ. ಮಾತು ಕಡಿಮೆಯಿರುವ ನನ್ನ ಮಗ ಈಗ ಬಾಗಿಲಿನ ಚಿತ್ರವಿರುವ ಕಾರ್ಡ್ ತೋರಿಸುತ್ತಾನೆ. ಮೊದಮೊದಲು ಅವನ ಕೈ ಹಿಡಿದು ಕಾರ್ಡ್ ಕೊಡಿಸುತ್ತಿದ್ದೆ, ನಂತರ ಮೊಣಕೈ ಮುಟ್ಟಿದರೆ ಸಾಕಾಯಿತು, ಈಗ ಅದೂ ಬೇಡ.

ಇದನ್ನು ಹೇಳಿದಾಗಲೆಲ್ಲ, ಮಗುವಿಗೆ ಲಂಚ ಕೊಟ್ಟು ಸಾಕುತ್ತೀರಿ ಎನ್ನುವವರಿದ್ದಾರೆ. ಲಂಚವೆಂದರೆ ಅಳುವ ಮಗುವಿನ ಬಾಯಿ ಮುಚ್ಚಿಸಲು ಮೊಬೈಲ್ ಕೊಡುವುದು, ಮತ್ತು ಅದನ್ನು ಹೀಗೆ ಹೇಳುವವರ ಮನೆಗಳಲ್ಲೇ ನಾನು ದಿನವೂ ಕಾಣುತ್ತೇನೆ. ಒಂದು ದಿನ ಮೊಬೈಲ್ ನಿಲ್ಲಿಸಿದರೆ ಅಳು ಮೊದಲು ಇನ್ನೂ ಜೋರಾಗಬಹುದು. ಆ ಜೋರಿಗೆ ಸೋತು ಕೊಟ್ಟರೆ, ಇಷ್ಟು ಜೋರಾಗಿ ಅತ್ತರೇ ಸಿಗುತ್ತದೆ ಎಂದು ಕಲಿಸಿದಂತೆ. ನಾವು ಬೇಕೆಂದೇ ಕೊಡುವ ಪುನರ್ಬಲನ ಬರುವುದು ಒಳ್ಳೆಯ ವರ್ತನೆಯ ನಂತರ. ದುಡಿದ ಕೂಲಿಯನ್ನು ನಾವ್ಯಾರೂ ಲಂಚ ಎನ್ನುವುದಿಲ್ಲವಲ್ಲ.

ಎಬಿಎ ಮಕ್ಕಳನ್ನು ನೋಯಿಸಿದೆ ಎಂಬ ಇನ್ನೊಂದು ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಐವಾರ್ ಲೊವಾಸ್, ವಾರಕ್ಕೆ 40 ಗಂಟೆ ಕಲಿಸಿದ ಆಟಿಸಂ ಇರುವ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಮಟ್ಟ ಮುಟ್ಟಿದರೆಂದು ವರದಿ ಮಾಡಿದಾಗ ಎಬಿಎ ಜಗತ್ತಿಗೆಲ್ಲ ಪರಿಚಯವಾಯಿತು. ಆದರೆ ಅದೇ ಲೊವಾಸ್ 1960ರ ದಶಕದ ಪ್ರಯೋಗಗಳಲ್ಲಿ ಮಕ್ಕಳಿಗೆ ವಿದ್ಯುತ್ ಆಘಾತವನ್ನೂ ಕೊಟ್ಟಿದ್ದರು. ಕೈ ಆಡಿಸಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಒತ್ತಾಯಿಸಿದ್ದು ತಮ್ಮನ್ನು ಹೇಗೆ ಕುಗ್ಗಿಸಿತು ಎಂದು ಆಟಿಸಂ ಇರುವ ವಯಸ್ಕರು ಇಂದು ಬರೆಯುತ್ತಿದ್ದಾರೆ. ಅವರ ಮಾತು ಓದಿದ ಮೇಲೆ, ಖುಷಿಯಾದಾಗ ಕೈ ಬಡಿಯುವ ಮಗನನ್ನು ನಾನು ತಡೆಯುವುದಿಲ್ಲ. ಅದರಿಂದ ಯಾರಿಗೂ ನೋವಿಲ್ಲ. ಕೆನ್ನೆಗೆ ಹೊಡೆದುಕೊಳ್ಳುವುದು ನಿಲ್ಲಬೇಕಿತ್ತು, ನಿಂತಿತು.

ಎರಡು ಬಾರಿಸು ಎಂದ ಹಿರಿಯರೇ, ನೀವು ಇದನ್ನು ಓದುತ್ತೀರೆಂದು ನನಗೆ ಗೊತ್ತು. ಮುಂದಿನ ತಿಂಗಳು ನಿಮ್ಮ ಮನೆಯಲ್ಲೇ ಉಪನಯನವಿದೆ. ಆ ಮಾಣಿಗೆ ವಾಲಗದಿಂದ ದೂರ, ಬಾಗಿಲ ಪಕ್ಕದಲ್ಲಿ ಒಂದು ಎಲೆ ಹಾಕಿಸಿ. ಅವನ ತಾಯಿಗೆ ನಮ್ಮ ಮನೆಯ ಇನ್ನೊಂದು ಕಾರ್ಡನ್ನು ಈಗಾಗಲೇ ಕೊಟ್ಟಿದ್ದೇನೆ.