ಆಸ್ಪ್ರೆ ಮರಿಗಳನ್ನು ತಾಯಿ ಕೈಬಿಟ್ಟಿಲ್ಲ: ಒಂದು ಸ್ಪಷ್ಟನೆ

ಇಂಗ್ಲೆಂಡಿನ ರಟ್ಲೆಂಡ್ ವಾಟರ್ ಕೆರೆಯ ಆಸ್ಪ್ರೆ (ಮೀನು ಹಿಡಿದು ತಿನ್ನುವ ದೊಡ್ಡ ಬೇಟೆ ಹಕ್ಕಿ) ಗೂಡಿನದ್ದು ಎನ್ನುವ ವಿಡಿಯೋವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. 'ತಾಯಿ ಮರಿಗಳನ್ನು ಬಿಟ್ಟು ಓಡಿಹೋಗಿದೆ, ಮರಿಗಳು ಹಸಿವಿನಿಂದ ಕಿರುಚುತ್ತಿವೆ' ಎಂಬ ಒಕ್ಕಣೆ ಅದಕ್ಕಿದೆ. ಇದು ತಪ್ಪು.

ಬೇಸಿಗೆಯ ಕೊನೆಗೆ ಹೆಣ್ಣು ಆಸ್ಪ್ರೆ ಸಾಮಾನ್ಯವಾಗಿ ಮೊದಲು ವಲಸೆ ಹೊರಡುತ್ತದೆ. ಅಷ್ಟರಲ್ಲಿ ಮರಿಗಳಿಗೆ ಹಾರಲು ಬಂದಿರುತ್ತದೆ. ಗಂಡು ಉಳಿದು ಮೀನು ತಂದುಕೊಡುತ್ತಲೇ ಇರುತ್ತದೆ. ಎಷ್ಟೋ ಸಲ ಮೀನಿನ ತಲೆ ಭಾಗವನ್ನು ಮೊದಲು ತಾನೇ ತಿಂದು, ಉಳಿದದ್ದನ್ನು ಗೂಡಿಗೆ ತರುತ್ತದೆ. ಮೀನು ಸಿಕ್ಕ ಮರಿ ಎರಡೂ ರೆಕ್ಕೆ ಹರಡಿ ಅದನ್ನು ಮುಚ್ಚಿಕೊಳ್ಳುತ್ತದೆ, ಪಕ್ಕದ್ದು ಕಿರುಚುತ್ತದೆ. ಹೊಟ್ಟೆ ತುಂಬಿದ್ದರೂ ಅಪ್ಪನನ್ನು ಕಂಡರೆ ಕೂಗುವುದುಂಟು. ಹಾಗಾಗಿ ಬರೀ ಕೂಗು ಕೇಳಿ ಉಪವಾಸ ಅಂದುಕೊಳ್ಳಬಾರದು.

ಆಮೇಲೆ ಮರಿಗಳು ಅಪ್ಪ ಅಮ್ಮನ ಜೊತೆಯಿಲ್ಲದೆ ಒಂಟಿಯಾಗಿಯೇ ಪಶ್ಚಿಮ ಆಫ್ರಿಕಾದ ಕಡೆ ಹಾರುತ್ತವೆ. ಸೆನೆಗಲ್, ಗ್ಯಾಂಬಿಯಾ ತೀರಗಳಲ್ಲಿ ಬೆಳೆದು, ಬದುಕುಳಿದವು ಸಾಮಾನ್ಯವಾಗಿ ಎರಡು-ಮೂರು ವರ್ಷಕ್ಕೆ ವಾಪಸ್ ಬರುತ್ತವೆ. ಇದು ಊಹೆಯಲ್ಲ. ಕಾಲಿಗೆ ಹಾಕಿದ ಉಂಗುರ, ಬೆನ್ನಿಗೆ ಕಟ್ಟಿದ ಟ್ರ್ಯಾಕರ್, ಗೂಡಿನ ಕ್ಯಾಮೆರಾಗಳಿಂದ ತಿಳಿದದ್ದು. ರಟ್ಲೆಂಡ್‌ನಲ್ಲಿ 1996ರಿಂದ ಸ್ಕಾಟ್ಲೆಂಡಿನ ಮರಿಗಳನ್ನು ತಂದು ಬಿಟ್ಟರು. 2001ರಲ್ಲಿ ಅಲ್ಲೇ ಮೊದಲ ಮರಿ ಬೆಳೆದು ಹಾರಿತು. ಅಪ್ಪ ಅಮ್ಮ ಇಲ್ಲದೆ ಬಂದ ಮರಿಗಳೂ ಆಫ್ರಿಕಾ ದಾರಿ ಹಿಡಿದಿದ್ದವು, ನೋಡಿ!

ನಮ್ಮ ಕಬಿನಿ ಹಿನ್ನೀರಲ್ಲಿ ಚಳಿಗಾಲಕ್ಕೆ ಕಾಣುವ ಆಸ್ಪ್ರೆಗಳೂ ವಲಸೆ ಬಂದವೇ.

ಮರಿಗಳ ಮೇಲಿನ ಕಾಳಜಿಯಿಂದಲೇ ಜಾಸ್ತಿ ಜನ ಇದನ್ನು ಕಳಿಸುತ್ತಿದ್ದಾರೆ. ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.