ಪರ-ವಿರೋಧ: ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ಮನೆಗೆ ಕೊಟ್ಟು ಕಳಿಸಬೇಕೇ?

ಪರ: ಕೊಡಿ, ದಿನಗೂಲಿ ಕಸಿಯಬೇಡಿ

ಪಂಜಾಬಿನಲ್ಲಿ ‘ಚಿಟ್ಟಾ’ ಎಂದು ಕರೆಯುವ ಹೆರಾಯಿನ್‌ಗೆ ಸಿಕ್ಕಿಬಿದ್ದವರಿಗಾಗಿ ಸರ್ಕಾರ 2017ರಲ್ಲಿ ಹೊರರೋಗಿ ಕೇಂದ್ರಗಳನ್ನು ತೆರೆಯಿತು. ಅಲ್ಲಿ ಕೊಡುವುದು ಬ್ಯುಪ್ರೆನಾರ್ಫಿನ್, ಹೆರಾಯಿನ್ ಚಟದಿಂದ ಹೊರಬರಲು ನೆರವಾಗುವ ಔಷಧ. ಕ್ರಮ ಸರಳ: ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡು, ಕರಗುವವರೆಗೆ 5-10 ನಿಮಿಷ ನರ್ಸ್ ಎದುರು ಕೂರಬೇಕು. ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ವ್ಯರ್ಥ.

ಆರಂಭದ ದಿನಗಳಲ್ಲಿ ಈ ಕಾವಲು ಬೇಕೇ ಬೇಕು. ಹೆರಾಯಿನ್ ತೆಗೆದುಕೊಂಡು ಕನಿಷ್ಠ 12 ಗಂಟೆ ಕಳೆದು, ಆಕಳಿಕೆ, ಮೂಗು ಸೋರುವುದು, ಮೈನೋವು ಕಾಣಿಸಿದ ಮೇಲೆಯೇ ಮೊದಲ 2-4 ಮಿಲಿಗ್ರಾಂ ಕೊಡಬೇಕು. ಅವಸರಪಟ್ಟರೆ ಈ ಔಷಧ ಮೆದುಳಿನ ಗ್ರಾಹಕಗಳಿಂದ (ಔಷಧ ಅಂಟಿಕೊಳ್ಳುವ ತಾಣಗಳಿಂದ) ಹೆರಾಯಿನ್ನನ್ನು ತಳ್ಳಿಬಿಡುತ್ತದೆ. ವಾಂತಿ, ಭೇದಿ, ತಡೆಯಲಾಗದ ಸಂಕಟ ಶುರುವಾಗುತ್ತದೆ. ಹಾಗೆ ನರಳಿದವನನ್ನು ಮತ್ತೆ ಕೇಂದ್ರಕ್ಕೆ ಕರೆತರುವುದು ಬಹಳ ಕಷ್ಟ.

ಆದರೆ 8 ಅಥವಾ 12 ಮಿಲಿಗ್ರಾಂನಲ್ಲಿ ತಿಂಗಳುಗಟ್ಟಲೆ ನೆಮ್ಮದಿಯಾಗಿರುವವನನ್ನು ದಿನಾ ಕರೆಸುವುದೇಕೆ? ಗಾರೆ ಕೆಲಸದವನು ಎಂಟಕ್ಕೆ ಸೈಟಿನಲ್ಲಿರಬೇಕು. ಕೇಂದ್ರದ ಬಾಗಿಲು ತೆರೆಯುವುದು ಅದಾದ ಮೇಲೆ. ಕೂಲಿಯೋ ಮಾತ್ರೆಯೋ ಎಂದಾದಾಗ ಕೂಲಿಯೇ ಗೆಲ್ಲುತ್ತದೆ. ನಾಲ್ಕು ದಿನ ತಪ್ಪಿದರೆ ಮತ್ತೆ ಚಿಟ್ಟಾ. ಚಿಕಿತ್ಸೆ ಬಿಟ್ಟ ಮೊದಲ ವಾರಗಳಷ್ಟು ಅಪಾಯದ ಕಾಲ ಇನ್ನೊಂದಿಲ್ಲ: ಮೈಯ ತಾಳಿಕೆ ಇಳಿದಿರುತ್ತದೆ, ಮೊದಲು ತಡೆದುಕೊಂಡ ಪ್ರಮಾಣವೇ ಉಸಿರು ನಿಲ್ಲಿಸಬಹುದು.

ಫ್ರಾನ್ಸಿನಲ್ಲಿ ಸಾಮಾನ್ಯ ವೈದ್ಯರೇ ಈ ಮಾತ್ರೆ ಬರೆದುಕೊಡಲು ಶುರುಮಾಡಿದ ಮೇಲೆ, 1995ರಿಂದ 1999ರೊಳಗೆ ಓವರ್‌ಡೋಸ್ ಸಾವುಗಳು ಶೇ. 79ರಷ್ಟು ಇಳಿದವು. 2020ರ ಲಾಕ್‌ಡೌನಿನಲ್ಲಿ ಪಂಜಾಬೂ ವಾರಗಟ್ಟಲೆಯ ಮಾತ್ರೆ ಕೊಟ್ಟು ಕಳಿಸಿತು. ಸೋಂಕಿನ ಭಯಕ್ಕೆ ಕೊಡಬಹುದಾದದ್ದನ್ನು ಹೊಟ್ಟೆಪಾಡಿಗೆ ಏಕೆ ಕೊಡಬಾರದು?

ವಿರೋಧ: ಮಾತ್ರೆ ಕೇಂದ್ರದಲ್ಲೇ ಕರಗಲಿ

ಮಾತ್ರೆಯನ್ನು ಕೈಗಿತ್ತರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಪರವಾದಿಗಳದ್ದು. ಪುಡಿಮಾಡಿ ಚುಚ್ಚಿಕೊಳ್ಳಬಾರದೆಂದೇ 2 ಮಿಲಿಗ್ರಾಂ ಬ್ಯುಪ್ರೆನಾರ್ಫಿನ್‌ಗೆ 0.5 ಮಿಲಿಗ್ರಾಂ ನಲಾಕ್ಸೋನ್ (ಹೆರಾಯಿನ್‌ನಂಥವುಗಳ ಪರಿಣಾಮ ತಡೆಯುವ ಔಷಧ) ಬೆರೆಸಿರುತ್ತಾರೆ. ಚುಚ್ಚಿಕೊಂಡರೆ ಸಂಕಟ ಶುರುವಾಗುವುದರಿಂದ ಹೆರಾಯಿನ್ ಮೈಯಲ್ಲಿರುವವನಿಗೆ ಅದು ತಡೆ. ಈಗಾಗಲೇ ಬ್ಯುಪ್ರೆನಾರ್ಫಿನ್ ಮೇಲಿರುವವನಿಗೆ ಆ ತಡೆ ದುರ್ಬಲ, ಏಕೆಂದರೆ ಬ್ಯುಪ್ರೆನಾರ್ಫಿನ್ ಗ್ರಾಹಕವನ್ನು ಬಿಗಿಯಾಗಿ ಹಿಡಿದಿರುತ್ತದೆ, ನಲಾಕ್ಸೋನ್ ಬೇಗ ಇಳಿದುಹೋಗುತ್ತದೆ. ಮಾತ್ರೆಯಲ್ಲಿನ ಪಿಷ್ಟ ರಕ್ತನಾಳದಲ್ಲಿ ಸಿಕ್ಕಿಕೊಂಡು ಕೀವುಗಟ್ಟುತ್ತದೆ.

ಬ್ಯುಪ್ರೆನಾರ್ಫಿನ್ ಒಂದನ್ನೇ ತೆಗೆದುಕೊಂಡರೆ ಉಸಿರು ಕುಗ್ಗುವುದಕ್ಕೊಂದು ಮಿತಿ ಇದೆ. ಸಾರಾಯಿ ಅಥವಾ ಆತಂಕ ತಗ್ಗಿಸುವ ಅಲ್ಪ್ರಜೋಲಮ್ ಮಾತ್ರೆ ಸೇರಿದರೆ ಆ ಮಿತಿಯನ್ನು ನಂಬುವಂತಿಲ್ಲ. ಎದುರು ಕೂರಿಸಿಕೊಂಡ ನರ್ಸ್ ಬಾಯಿ ವಾಸನೆ, ತೊದಲುವ ಮಾತು ಗಮನಿಸಿ ಆ ದಿನದ ಮಾತ್ರೆ ತಡೆಹಿಡಿಯಬಲ್ಲಳು. ಮನೆಯಲ್ಲಿ ಅದನ್ನು ನೋಡುವವರು ಯಾರು? ಗೂಡಿನಲ್ಲಿಟ್ಟ ಒಂದೇ ಮಾತ್ರೆ ಪುಟ್ಟ ಮಗುವಿನ ಜೀವಕ್ಕೆ ಕುತ್ತಾಗಬಹುದು.

ಕೂಲಿಯ ತೊಂದರೆ ಇದ್ದರೆ ಕೇಂದ್ರ ಬೆಳಗ್ಗೆ 6ಕ್ಕೆ ತೆರೆಯಲಿ. ಔಷಧದ ಪ್ರಭಾವ ದೀರ್ಘವಾದ್ದರಿಂದ ನೆಲೆನಿಂತವನಿಗೆ ದಿನಾ 8 ಮಿಲಿಗ್ರಾಂ ಬದಲು ದಿನ ಬಿಟ್ಟು ದಿನ 16 ಕೊಡಬಹುದು. ಮನೆಗೆ ಕೊಡಲೇಬೇಕಾದರೆ ವಾರದಷ್ಟು ಮಾತ್ರ. ಖಾಲಿ ಸ್ಟ್ರಿಪ್ ಮರಳಿ ಬಂದ ಮೇಲೆಯೇ ಮುಂದಿನದು.