ಸ್ಪಷ್ಟನೆ: ಆ ಎಕ್ಸ್‌ರೇ ಹಡಗಿನಲ್ಲಿ ಯಾರೂ ಮುಳುಗಿ ಸಾಯಲಿಲ್ಲ

ಕೆನಡಾದ ಆರ್ಕ್ಟಿಕ್‌ನಲ್ಲಿ ಕ್ಷಯ ತಪಾಸಣೆಗೆ ಹೋದ ಸಿ.ಡಿ. ಹೋವ್ ಹಡಗು 1947ರಲ್ಲಿ ರೋಗಿಗಳ ಸಮೇತ ಮುಳುಗಿತು ಎಂದು ಮೊನ್ನೆ ಬರೆದಿದ್ದೆ. ಅದು ತಪ್ಪು.

1947ರ ಜುಲೈನಲ್ಲಿ ಕೇಪ್ ಡಾರ್ಸೆಟ್ ಹತ್ತಿರ ಬಂಡೆಗೆ ಬಡಿದದ್ದು ನ್ಯಾಸ್ಕೋಪಿ, ಹಡ್ಸನ್ಸ್ ಬೇ ಕಂಪನಿಯ ಹಡಗು. ಆ ಬಂಡೆ ನಕ್ಷೆಯಲ್ಲೇ ಇರಲಿಲ್ಲ. ಹಡಗಿನಲ್ಲಿದ್ದವರೆಲ್ಲ ಬದುಕಿದರು. ಸಿ.ಡಿ. ಹೋವ್ ಸರ್ಕಾರದ್ದು, ಓಡಾಟ ಶುರು ಮಾಡಿದ್ದೇ 1950ರಲ್ಲಿ. ವರ್ಷ ನೋಡಿದರೂ ಸಾಕು, ಗೊತ್ತಾಗುತ್ತದೆ ಅಲ್ವಾ?

ನಿಜವಾದ ನೋವು ಬೇರೆಯೇ ಇದೆ. ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನ್ಯುಯಿಟ್ ಜನ ಎಕ್ಸ್‌ರೇಗೆಂದು ಸಿ.ಡಿ. ಹೋವ್ ಹತ್ತುತ್ತಿದ್ದರು. ಕ್ಷಯ ಕಂಡರೆ ಎಷ್ಟೋ ಜನರನ್ನು ಮತ್ತೆ ದಡಕ್ಕೂ ಇಳಿಸದೆ ದಕ್ಷಿಣದ ಆಸ್ಪತ್ರೆಗೆ ಒಯ್ಯುತ್ತಿದ್ದರು. ಮಕ್ಕಳಿಗೆ ಹೋಗಿಬರ್ತೀನಿ ಅನ್ನಲೂ ಬಿಡುತ್ತಿರಲಿಲ್ಲ. ಇದಕ್ಕೆ ಕೆನಡಾ ಪ್ರಧಾನಿ 2019ರಲ್ಲಿ ಅಲ್ಲಿನ ಆರ್ಕ್ಟಿಕ್ ಊರಾದ ಇಕಾಲುಯಿಟ್‌ನಲ್ಲಿ ಕ್ಷಮೆ ಕೇಳಿದರು.

ನನ್ನ ಹಳೆಯ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.